ಎರಡು ಹಳದಿ ಚುಕ್ಕೆ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ನಾನು ಸ್ಪ್ರಿಂಗ್ ಒರೆಸುತ್ತಿದ್ದೆ. ಎರಡು ಸ್ಪ್ರಿಂಗುಗಳು, ನಿಲ್ಲಿಸಿದರೆ ಹೆಚ್ಚುಕಡಿಮೆ ನನ್ನ ಮೊಣಕಾಲಿನಷ್ಟು ಎತ್ತರ, ಮೈಗೆಲ್ಲ ಕಂದು ಗ್ರೀಸು. ಸುತ್ತು ಸುತ್ತಿನ ನಡುವೆ ಬೆರಳು ತೂರಿಸಿ ಒರೆಸಬೇಕು. ಗ್ಯಾರೇಜು ನನ್ನ ಸೋದರಮಾವನದು. ಮಾವ ರಬ್ಬರ್ ಬುಶ್ ತರಲು ಹೋಗಿದ್ದರು. ಅತ್ತೆ ಗಾಜಿನ ಕೋಣೆಯಲ್ಲಿ ಫೋನಿನ ಮುಂದೆ ಕೂತು ತೂಕಡಿಸುತ್ತಿದ್ದರು.

ಎದುರಿಗೆ ಡಾಕ್ಟರಮ್ಮನ ಹಳೇ ಕಾರು. ಮುಂದಿನ ಎರಡೂ ಚಕ್ರ ಬಿಚ್ಚಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದೆವು. ಅದರ ಪಕ್ಕದಲ್ಲಿ ಅವನು ಮಂಡಿಯೂರಿ ಕೂತು ತಂತಿ ಬ್ರಷ್ಷಿನಿಂದ ಬೋಲ್ಟಿನ ತುಕ್ಕು ಉಜ್ಜುತ್ತಿದ್ದ. ಬ್ರಷ್ಷಿನ ಸದ್ದು ನಿಂತಾಗಲೆಲ್ಲ ನನ್ನ ಕೈಯೂ ನಿಲ್ಲುತ್ತಿತ್ತು. ಯಾಕೆಂದರೆ ಆಗ ಅವನು ತಲೆ ಎತ್ತಬಹುದು.

ಅವನು ತಲೆ ಎತ್ತುವ ರೀತಿ ನನಗೆ ಬಾಯಿಪಾಠ. ಮೊದಲು ಹುಬ್ಬು ಏಳುತ್ತದೆ, ಆಮೇಲೆ ರೆಪ್ಪೆ, ಕೊನೆಗೆ ಗಲ್ಲ. ರೆಪ್ಪೆ ಏಳುವಷ್ಟರಲ್ಲಿ ನಾನು ನೋಟ ತೆಗೆದಿರುತ್ತೇನೆ. ಅವನು ಕೆಲಸಕ್ಕೆ ಸೇರಿದ ಈ ಎಂಟು ತಿಂಗಳಲ್ಲಿ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

ಅವತ್ತು ಸಿಕ್ಕಿಬಿದ್ದೆ. ಹುಬ್ಬು ಎದ್ದದ್ದು ಕಾಣಲಿಲ್ಲವೋ, ಕಂಡರೂ ಕಣ್ಣು ಕೇಳಲಿಲ್ಲವೋ. ಅವನು ನೋಡಿದ. ನಾನೂ ನೋಡಿದೆ. ಅವನ ಮೂಗಿನ ಮೇಲೆ ತುಕ್ಕಿನ ಪುಡಿ ಕೂತಿತ್ತು. ಅವನು ನಗಲಿಲ್ಲ, ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು ಮತ್ತೆ ಬೋಲ್ಟಿನ ಕಡೆ ತಿರುಗಿದ. ಅವನ ಕಿವಿ ಕೆಂಪಾದದ್ದು ಹಿಂದಿನಿಂದ ಕಾಣುತ್ತಿತ್ತು. ನನ್ನ ಕೈ ತಾನಾಗಿ ಒರೆಸುತ್ತಲೇ ಇತ್ತು; ಒಂದು ಸ್ಪ್ರಿಂಗ್ ಬಿಟ್ಟು ಇನ್ನೊಂದಕ್ಕೆ ಹೋದದ್ದೂ ನನಗೆ ತಿಳಿಯಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಕೆಳಗೆ ನೋಡಿದರೆ ಬಟ್ಟೆಯೆಲ್ಲ ಹಳದಿ.

ಒಂದು ಸ್ಪ್ರಿಂಗಿಗೆ ಎರಡು ಹಳದಿ ಚುಕ್ಕೆ, ಇನ್ನೊಂದಕ್ಕೆ ಒಂದು ಇತ್ತು. ಎರಡು ಚುಕ್ಕೆಯದು ಡ್ರೈವರ್ ಕಡೆಗೆ, ಒಂದು ಚುಕ್ಕೆಯದು ಪಕ್ಕದ ಸೀಟಿನ ಕಡೆಗೆ. ಸ್ಪ್ರಿಂಗ್ ಸುತ್ತುವವರು ಇಟ್ಟು ಕಳಿಸಿದ ಗುರುತು ಅದು. ಮಾವ ಹೊರಡುವ ಮುಂಚೆ ಎರಡು ಸಲ ಹೇಳಿದ್ದರು: "ಪುಟ್ಟಿ, ಚುಕ್ಕೆ ಇರೋ ಕಡೆ ಒರೆಸ್ಬೇಡ." ಈಗ ಎರಡರ ಮೇಲೂ ಏನೂ ಉಳಿದಿರಲಿಲ್ಲ.

ಡಾಕ್ಟರಮ್ಮ ಇಪ್ಪತ್ತೆಂಟು ವರ್ಷ ಆ ಕಾರನ್ನು ಒಬ್ಬರೇ ಓಡಿಸಿದ್ದರು. ಡ್ರೈವರ್ ಕಡೆ ಕುಸಿದು, ಕಾರು ಒಂದು ಭುಜ ಇಳಿಸಿಕೊಂಡು ನಿಂತಂತೆ ಕಾಣುತ್ತಿತ್ತು. "ನಾನು ದಪ್ಪ ಅಂತ ಕಾರು ಹೇಳ್ತಾ ಇದೆ ಕಣ್ರೀ," ಎಂದು ಅವರು ಬಂದ ದಿನವೇ ನಗಿಸಿದ್ದರು. "ಬೇರೆ ಯಾರಿಗೂ ಧೈರ್ಯ ಇರ್ಲಿಲ್ಲ." ಅಷ್ಟು ಹಳೇ ಕಾರಿನ ಸ್ಪ್ರಿಂಗು ಅಂಗಡಿಯಲ್ಲಿ ಸಿಗುವುದಿಲ್ಲ. ಮಾವ ಬೇರೆ ಊರಿನ ವರ್ಕ್‌ಶಾಪಿನಲ್ಲಿ ಹೇಳಿ ಸುತ್ತಿಸಿದ್ದರು. ಡ್ರೈವರ್ ಕಡೆಯದಕ್ಕೆ ಕೊಂಚ ದಪ್ಪ ತಂತಿ. ಎಷ್ಟು ಕೊಂಚ ಎಂದರೆ ಬರಿಗಣ್ಣಿಗೆ ತಿಳಿಯದು.

ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದೆ. ಎತ್ತರ ಒಂದೇ. ಬೆರಳಿನಿಂದ ತಂತಿ ಸವರಿದೆ. ಒಂದೇ. ಮೊದಲು ಯಾವುದನ್ನು ಎತ್ತಿಕೊಂಡೆ? ಎಡಗಡೆ ಇದ್ದದ್ದನ್ನು. ಎಡಗಡೆ ಇದ್ದದ್ದಕ್ಕೆ ಎಷ್ಟು ಚುಕ್ಕೆ? ಎರಡು. ಇರಬೇಕು. ಹೌದು, ಎರಡು.

ದಪ್ಪ ಅಳೆಯುವ ವರ್ನಿಯರ್ ಇಟ್ಟು ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಆದರೆ ವರ್ನಿಯರ್ ಅವನ ಜೇಬಿನಲ್ಲಿತ್ತು. ಅದನ್ನು ಕೇಳಬೇಕಾದರೆ ಯಾಕೆ ಎಂದು ಹೇಳಬೇಕು.

ಶೆಲ್ಫಿನ ಮೇಲೆ ಹಳದಿ ಪೇಂಟಿನ ಡಬ್ಬಿ ಇತ್ತು. ಒಂದರ ಮೇಲೆ ಎರಡು ಚುಕ್ಕೆ ಇಟ್ಟೆ. ಇನ್ನೊಂದರ ಮೇಲೆ ಒಂದು.

*

ನಾನು ಯಾಕೆ ಅಷ್ಟು ಹೆದರಿದೆ ಎಂದು ಹೇಳಬೇಕಾದರೆ ಮಾವನ ಬಲಗೈ ವಿಷಯ ಹೇಳಬೇಕು.

ಆ ಕೈಯಲ್ಲಿ ಎರಡು ಬೆರಳಿಲ್ಲ. ಯಾರಾದರೂ ಕೇಳಿದರೆ ಮಾವ, "ಸ್ಪ್ರಿಂಗಿಗೆ ಸಿಟ್ಟು ಬಂತು, ನನಗೆ ಎಂಟರ ಮಗ್ಗಿ ಸಲೀಸಾಯ್ತು" ಎಂದು ನಗುತ್ತಾರೆ. ನಿಜ ಏನೆಂದು ಅತ್ತೆ ಒಂದೇ ಒಂದು ಸಲ ಹೇಳಿದ್ದರು. ಹನ್ನೊಂದು ವರ್ಷದ ಹಿಂದೆ ಮಾವನೂ ನನ್ನ ಅಪ್ಪನೂ ಇದೇ ಗ್ಯಾರೇಜಿನಲ್ಲಿ ಸ್ಪ್ರಿಂಗ್ ಬಿಗಿಯುತ್ತಿದ್ದರು. ಕ್ಲ್ಯಾಂಪಿನ ಹುಕ್ಕು ಸರಿಯಾಗಿ ಕೂತಿದೆಯಾ ಎಂದು ಮಾವ ಕೇಳಿದರು. ಅಪ್ಪ "ನೋಡಿದೆ" ಅಂದ. ನೋಡಿರಲಿಲ್ಲ. ಆಸ್ಪತ್ರೆಗೆ ಅಪ್ಪ ಒಮ್ಮೆಯೂ ಬರಲಿಲ್ಲ. ಆ ವಾರವೇ ಎಲ್ಲಿಗೋ ಹೊರಟುಹೋದ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಮಾವ ಬಂದು ನನ್ನನ್ನು ಕರೆತಂದರು. ಮುಂದೆ ಓದು ಎಂದರು. ಹೊಸ ಶಾಲೆಯಲ್ಲಿ ಅಷ್ಟು ಜನ ತಿರುಗಿ ನನ್ನನ್ನೇ ನೋಡುವುದು ನೆನೆಸಿಕೊಂಡು ನಾನೇ ಒಲ್ಲೆ ಎಂದೆ. ಅಂದಿನಿಂದ ಈ ಏಳು ವರ್ಷ ಬುಶ್ ತೊಳೆಯುವುದು, ಟೇಪ್ ಹಿಡಿಯುವುದು, ಸ್ಪ್ಯಾನರ್ ಎತ್ತಿಕೊಡುವುದು ನನ್ನ ಕೆಲಸ. ಅಪ್ಪನ ಮಾತನ್ನು ಮಾವ ಒಂದು ದಿನವೂ ಎತ್ತಿಲ್ಲ. ಎತ್ತದಿರುವುದೇ ನನಗೆ ಭಯ. ಎಂದಾದರೂ ಅವರು ನನ್ನ ಮುಖದಲ್ಲಿ ಅಪ್ಪನನ್ನು ಕಂಡುಬಿಟ್ಟರೆ?

ಇನ್ನೊಂದು ಭಯ ಹೊಸದು. ಅದಕ್ಕೆ ಎಂಟು ತಿಂಗಳು ವಯಸ್ಸು.

ಅವನಿಗೆ ಗ್ಯಾರೇಜಿನಲ್ಲಿ ರಸಮಟ್ಟ ಎಂದು ಹೆಸರು. ಜೇಬಿನಲ್ಲಿ ಯಾವಾಗಲೂ ಸೊಟ್ಟ-ನೆಟ್ಟಗೆ ನೋಡುವ ಗೇಣುದ್ದದ ರಸಮಟ್ಟ. ಸೇರಿದ ಮೊದಲ ದಿನವೇ ನೆಲಕ್ಕಿಟ್ಟ, ಬೆಂಚಿಗಿಟ್ಟ, ಅತ್ತೆ ಕೋಣೆಯ ಗೋಡೆ ಗಡಿಯಾರಕ್ಕೂ ಇಟ್ಟ. "ಗಡಿಯಾರ ಸೊಟ್ಟ ಇದೆ ಅಮ್ಮ" ಎಂದಾಗ ಅತ್ತೆ, "ನಿನ್ನ ತಲೆ ಮೇಲೂ ಒಂದ್ಸಲ ಇಟ್ಟು ನೋಡ್ಕೊ ಮಾರಾಯ" ಎಂದಿದ್ದರು. ಯಾರು ಏನೇ ಹೇಳಲಿ, ಅವನು ಎರಡು ಸಲ ಅಳೆಯದೆ ಒಂದು ನಟ್ಟೂ ಹಾಕುವುದಿಲ್ಲ. ಮಾವನ ಮಾತನ್ನೂ ಅಳೆದೇ ನಂಬುತ್ತಿದ್ದ. ಎಲ್ಲರೂ ಅವನನ್ನು ರಸಮಟ್ಟ ಎಂದೇ ಕರೆಯುತ್ತಿದ್ದರು. ನಾನು ಮಾತ್ರ ಏನೂ ಕರೆಯುತ್ತಿರಲಿಲ್ಲ. ತೀರಾ ಬೇಕಾದರೆ "ಇವ್ರೇ" ಅನ್ನುತ್ತಿದ್ದೆ.

*

"ಮೇಡಂ, ಸ್ಪ್ರಿಂಗಿಗೆ ಸ್ನಾನ ಆಯ್ತಾ?"

ಅವನು ಹಿಂದೆ ಬಂದು ನಿಂತಿದ್ದ. ನಾನು ಎದ್ದು ನಿಂತೆ.

"ಹೂಂ."

"ಹಾಗಾದ್ರೆ ತಲೆ ಬಾಚಿ ಕಳಿಸಿ, ಶಾಲೆಗೆ ಹೊತ್ತಾಯ್ತು."

ನಗು ಬರಬೇಕಿತ್ತು. ಬರಲಿಲ್ಲ. ಅವನು ಬಗ್ಗಿ ಒಂದನ್ನು ಎತ್ತಿಕೊಂಡ. ಹೆಬ್ಬೆರಳು ಚುಕ್ಕೆಯ ಮೇಲೆ ಬಿತ್ತು. ಬೆರಳಿಗೆ ಹಳದಿ ಅಂಟಿತು.

"ಬಣ್ಣ ಹಸಿ ಇದೆ."

"ಮಾಸಿತ್ತು," ಎಂದೆ. "ಮತ್ತೆ ಹಚ್ಚಿದೆ."

ಅವನ ಕೈ ವರ್ನಿಯರ್ ಇದ್ದ ಜೇಬಿನ ಹತ್ತಿರ ಹೋಯಿತು. ಅಳೆದುಬಿಡಲಿ ಎಂದೂ ಅನಿಸಿತು, ಬೇಡ ಎಂದೂ ಅನಿಸಿತು. ಅವನು ನನ್ನನ್ನು ನೋಡಿದ. ಕೈ ಜೇಬಿನಿಂದ ಹಿಂದೆ ಬಂತು.

"ಒಳ್ಳೇದು ಮಾಡಿದ್ರಿ," ಎಂದು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಸ್ಪ್ರಿಂಗನ್ನು ಅದರ ಜಾಗಕ್ಕೆ ಕೂರಿಸಬೇಕಾದರೆ ಒತ್ತಿ ಗಿಡ್ಡ ಮಾಡಬೇಕು. ಅದಕ್ಕೆ ಎರಡು ಕ್ಲ್ಯಾಂಪು, ಸ್ಪ್ರಿಂಗಿನ ಆಚೆಗೊಂದು ಈಚೆಗೊಂದು. ಎರಡೂ ಒಟ್ಟಿಗೇ ಬಿಗಿಯಾಗಬೇಕು. ಒಂದು ಮುಂದೆ ಹೋದರೆ ಸ್ಪ್ರಿಂಗು ಬಾಗುತ್ತದೆ, ಬಾಗಿದರೆ ಹುಕ್ಕು ಜಾರುತ್ತದೆ, ಜಾರಿದರೆ ಮಾವನ ಕೈ. ಅದಕ್ಕೇ ನಮ್ಮಲ್ಲಿ ಒಂದು ರೂಢಿ. ಇಬ್ಬರು ಎದುರುಬದುರು ಕೂರಬೇಕು. ಸ್ಪ್ರಿಂಗಿಗೆ ಹಳೇ ಕಂಬಳಿ ಸುತ್ತಬೇಕು. ಒಬ್ಬರು ಕೇಳಬೇಕು, ಇನ್ನೊಬ್ಬರು ಕಣ್ಣಿಟ್ಟು ನೋಡಿ ಬಾಯಿಬಿಟ್ಟು ಹೇಳಬೇಕು. ಹೇಳದೆ ಒಂದು ಸುತ್ತೂ ಇಲ್ಲ.

"ಕೆಳಗಿನ ಹುಕ್ಕು?"

"ನೋಡಿದೆ."

"ಮೇಲಿನದು?"

"ನೋಡಿದೆ."

"ನಾಲ್ಕು ನನ್ನದು," ಎಂದು ಅವನು ಸ್ಪ್ಯಾನರ್ ತಿರುಗಿಸಿದ. "ನಾಲ್ಕು ನಿಮ್ಮದು."

ನಾನು ನಾಲ್ಕು ಸುತ್ತಿದೆ. ಮತ್ತೆ ಅವನು. ಮತ್ತೆ ನಾನು. ಕಂಬಳಿಯ ಒಳಗೆ ಉಕ್ಕು ಸಣ್ಣಗೆ ಕಿರುಗುಟ್ಟುತ್ತಿತ್ತು. ಆ ಕಿರುಗುಟ್ಟುವಿಕೆಗೆ ನನಗೆ ಯಾವಾಗಲೂ ಅಂಗಾಲು ಬೆವರುತ್ತದೆ. ನಮ್ಮಿಬ್ಬರ ಹಣೆಗಳ ನಡುವೆ ಒಂದು ಗೇಣು ಜಾಗ. ಅವನ ಉಸಿರು ನನ್ನ ಮುಂಗುರುಳಿಗೆ ತಾಗುತ್ತಿತ್ತು. ಹೆದರಿಕೆ ಯಾವುದು, ಇನ್ನೊಂದು ಯಾವುದು ಎಂದು ಬೇರೆ ಮಾಡಲಾಗದೆ ನಾನು ಎಣಿಸುತ್ತಾ ಹೋದೆ.

ಎರಡೂ ಸ್ಪ್ರಿಂಗು ಕೂತವು. ಅವನು ಚಕ್ರ ಹಿಡಿಯುವ ಕೆಳಗಿನ ಆರ್ಮ್ ಸಿಕ್ಕಿಸಿ, ಮಾವ ಅಷ್ಟರಲ್ಲಿ ತಂದುಕೊಟ್ಟಿದ್ದ ಹೊಸ ಬುಶ್ಶಿನ ಬೋಲ್ಟು ತೂರಿಸಿದ. ನಾನು ದೊಡ್ಡ ಸ್ಪ್ಯಾನರ್ ಕೊಡಲು ಹೋದೆ. ಬೇಡ ಎಂದು ತಲೆಯಾಡಿಸಿದ.

"ಈಗ ಬಿಗಿ ಮಾಡಬಾರದು. ಕಾರು ನೇತಾಡ್ತಾ ಇದೆಯಲ್ಲ. ಈಗ ಬಿಗಿದ್ರೆ ನೆಲಕ್ಕಿಳಿದಾಗ ರಬ್ಬರು ತಿರುಚಿಕೊಳ್ಳುತ್ತೆ, ಎತ್ತರ ತಪ್ಪಾಗುತ್ತೆ. ನಾಳೆ ಕಾರು ತನ್ನ ಕಾಲ ಮೇಲೆ ತಾನು ನಿಲ್ಲಲಿ. ಆಮೇಲೆ ಬಿಗಿ."

"ಹೂಂ."

"ನಾಳೆ ನಿಂತ ಮೇಲೆ ಹೇಳೋಣ ಅಂತ ಇನ್ನೊಂದು ಮಾತು ಇಟ್ಕೊಂಡಿದೀನಿ."

"ಕಾರಿಗಾ?"

ಅಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ. ಅವನು ಸ್ಪ್ಯಾನರನ್ನು ಒರೆಸಿದ. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದ.

"ಕಾರಿಗ್ಯಾಕೆ ಹೇಳ್ಲಿ?" ಎಂದ.

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ನನ್ನ ಪಕ್ಕದಲ್ಲೇ ನಡೆದು ಬಂತು. ಊಟಕ್ಕೆ ಕೂತಾಗ ಹಳದಿ ಚುಕ್ಕೆ ನೆನಪಾಗಿ, ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು. "ಅನ್ನ ನೋಡ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತೇನೇ?" ಎಂದು ಅತ್ತೆ ಗದರಿದರು. ನಾನು ತಪ್ಪು ಗುರುತು ಹಾಕಿರಲಿಕ್ಕಿಲ್ಲ. ಎಡಗಡೆಯದೇ ಎರಡು ಚುಕ್ಕೆಯದು. ಅಲ್ಲವಾ?

*

ಬೆಳಿಗ್ಗೆ ಕಾರನ್ನು ಸಮನೆಲದ ಮೇಲೆ ಇಳಿಸಿದರು. ಅವನು ನಾಲ್ಕೂ ಟೈರಿನ ಗಾಳಿ ನೋಡಿದ. ಬಾನೆಟ್ ಮೇಲೆ ಕೈಯಿಟ್ಟು ಮೂರು ಸಲ ಒತ್ತಿ ಬಿಟ್ಟ. ಕಾರನ್ನು ಹಿಂದೆ ಮುಂದೆ ತಳ್ಳಿ ನಿಲ್ಲಿಸಿದ. ನಾನು ಟೇಪಿನ ತುದಿಯನ್ನು ಚಕ್ರದ ನಟ್ಟನಡುವೆ ಹಿಡಿದೆ. ಅವನು ಮಡ್‌ಗಾರ್ಡಿನ ಅಂಚಿನವರೆಗೆ ಎಳೆದು ಓದಿದ.

ಮೊದಲು ಪಕ್ಕದ ಸೀಟಿನ ಕಡೆ ಓದಿ ಕೈಮೇಲೆ ಪೆನ್ನಿನಿಂದ ಬರೆದುಕೊಂಡ. ಆಮೇಲೆ ಡ್ರೈವರ್ ಕಡೆ. ಓದಿದ. ಇನ್ನೊಮ್ಮೆ ಓದಿದ. ಐದು ಮಿಲ್ಲಿಮೀಟರಿನ ಒಳಗೆ ಇರಬೇಕಾದ ವ್ಯತ್ಯಾಸ ಇಪ್ಪತ್ತೆಂಟಿತ್ತು. ಡ್ರೈವರ್ ಕಡೆಯೇ ತಗ್ಗು.

ಅಂದರೆ ಎಡಗಡೆಯದಲ್ಲ. ಬಲಗಡೆಯದು ಎರಡು ಚುಕ್ಕೆಯದು.

ಮಾವ ಬಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. "ಏನಯ್ಯಾ ರಸಮಟ್ಟ, ಕಾರು ಕಣ್ಣು ಹೊಡೀತಾ ನಿಂತಿದೆಯಲ್ಲೋ! ಡಾಕ್ಟರಮ್ಮನಿಗೆ ಮಧ್ಯಾಹ್ನ ಕೊಡ್ತೀನಿ ಅಂದಿದೀನಿ."

"ಸ್ಪ್ರಿಂಗು ಕೂರೋ ಬಟ್ಟಲು ಸವೆದು ಆಳ ಆಗಿರಬೇಕು ಸರ್. ತೆಗೆದು ಒಂದು ಪ್ಯಾಕಿಂಗ್ ಹಾಕಿ ನೋಡ್ತೀನಿ."

"ಸ್ಪ್ರಿಂಗ್ ಅದಲುಬದಲು ಆಗಿಲ್ಲ ತಾನೆ?"

"ಇಲ್ಲ ಸರ್," ಎಂದ ಅವನು. ಒಂದು ಕ್ಷಣವೂ ಯೋಚಿಸಲಿಲ್ಲ. "ಗುರುತು ನೋಡೇ ಹಾಕಿದ್ದು."

ಮಾವ ನನ್ನ ಕಡೆ ನೋಡಿದರು. ಸುಮ್ಮನೆ ನೋಡಿದ್ದಿರಬೇಕು. ನನಗೆ ಮಾತ್ರ ಮೈಯೆಲ್ಲ ಗಾಜಾದಂತೆ, ಒಳಗಿರುವುದೆಲ್ಲ ಕಾಣುವಂತೆ ಅನಿಸಿತು. ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ "ರೀ, ಫೋನು!" ಎಂದು ಕೂಗಿದರು. ಮಾವ ಹೋದರು. ನನ್ನ ಬಾಯಿ ಮುಚ್ಚಿಕೊಂಡಿತು. ಮುಚ್ಚಿಕೊಂಡದ್ದಕ್ಕೆ ಹಾಯೆನಿಸಿತು. ಆ ಹಾಯೆನಿಸಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಪ್ಪನಿಗೂ ಹೀಗೇ ಆಗಿತ್ತೇನೋ. ಒಂದು ಸಲ ಹಾಯೆನಿಸಿ, ಇನ್ನೊಂದು ಸಲ ಹಾಯೆನಿಸಿ, ಕೊನೆಗೆ ಊರು ಬಿಡುವಷ್ಟು.

ಮತ್ತೆ ಕಾರು ಸ್ಟ್ಯಾಂಡಿನ ಮೇಲೇರಿತು. ಮತ್ತೆ ಎದುರುಬದುರು ಕೂತೆವು. ಈ ಸಲ ಸ್ಪ್ರಿಂಗು ಕಾರಿನೊಳಗೇ ಇತ್ತು. ಕೈಯಾಡಿಸಲು ಜಾಗವಿಲ್ಲ, ಮುಖ ಹಿಂದಕ್ಕೆ ತೆಗೆಯಲೂ ಜಾಗವಿಲ್ಲ. ಸುಮ್ಮನಿದ್ದರೆ ಅವನು ಇಲ್ಲದ ಸವೆತಕ್ಕೆ ಪ್ಯಾಕಿಂಗ್ ಹಾಕುತ್ತಾನೆ. ಪ್ಯಾಕಿಂಗ್ ಹಾಕಿದರೆ ಸ್ಪ್ರಿಂಗನ್ನು ಇನ್ನೂ ಹೆಚ್ಚು ಒತ್ತಬೇಕು. ಅದು ಸಾಲದೆ ಬಂದರೆ ಮತ್ತೊಂದು. ನನ್ನ ಒಂದು ಸುಳ್ಳಿಗೆ ಎಷ್ಟು ಸಲ ಅವನು ಇದರೊಳಗೆ ಕೈಯಿಡಬೇಕು?

"ಕೆಳಗಿನ ಹುಕ್ಕು?"

"ನೋಡಿದೆ."

"ಮೇಲಿನದು?"

ನೋಡಿದ್ದೆ. ನಿಜವಾಗಿ ನೋಡಿದ್ದೆ. ಆದರೂ ಆ ಮಾತು ನಾಲಿಗೆಯ ಮೇಲೆ ತುಕ್ಕಿನಂತೆ ಕೂತಿತು.

"ನೋಡಿದೆ."

ನಾಲ್ಕು ಅವನದು. ನಾಲ್ಕು ನನ್ನದು. ನಾಲ್ಕು ಅವನದು. ಉಕ್ಕು ಕಿರುಗುಟ್ಟಿತು. ಅವನ ಮಣಿಕಟ್ಟಿನ ನರ ಉಬ್ಬಿತ್ತು. ಐದು ಬೆರಳು. ನಾನು ಎಣಿಸಿದೆ. ಐದೂ ಇದ್ದವು.

"ನಿಲ್ಲಿಸಿ," ಎಂದೆ.

ಅವನು ತಕ್ಷಣ ನಿಲ್ಲಿಸಿದ. "ಏನಾಯ್ತು? ಹುಕ್ಕಾ?"

"ಅಲ್ಲ."

"ಭಯ ಆಗ್ತಿದೆಯಾ?"

"ಹೂಂ."

"ನನಗೂ ಆಗುತ್ತೆ," ಎಂದ ಮೆಲ್ಲಗೆ. "ಪ್ರತೀ ಸಲ. ನಿಮಗೆ ಗೊತ್ತಾಗಬಾರದು ಅಂತ ಜೋಕ್ ಮಾಡ್ತಿದ್ದೆ."

ಅವನು ಅಷ್ಟು ಹತ್ತಿರದಿಂದ ಅಷ್ಟು ಮೃದುವಾಗಿ ಹೇಳದೆ ಹೋಗಿದ್ದರೆ ನಾನು ಇನ್ನೂ ನಾಲ್ಕು ಸುತ್ತು ಸುತ್ತುತ್ತಿದ್ದೆನೋ ಏನೋ.

"ಬಟ್ಟಲು ಸವೆದಿಲ್ಲ," ಎಂದೆ. "ಸ್ಪ್ರಿಂಗು ಅದಲುಬದಲಾಗಿದೆ. ಚುಕ್ಕೆ ಮಾಸಿರ್ಲಿಲ್ಲ. ನಾನು ಒರೆಸಿಬಿಟ್ಟೆ, ಎರಡನ್ನೂ. ಯಾವುದಕ್ಕೆ ಎಷ್ಟಿತ್ತು ಅಂತ ಗೊತ್ತಾಗ್ಲಿಲ್ಲ. ಅಂದಾಜಿಗೆ ಹಾಕ್ದೆ."

ಅವನು ನನ್ನನ್ನು ನೋಡಲಿಲ್ಲ. ಕಂಬಳಿಯ ಮೇಲಿದ್ದ ಒಂದು ತೂತನ್ನೇ ನೋಡುತ್ತಿದ್ದ. ನಾನು ಅವನ ರೆಪ್ಪೆಯನ್ನು ಕಾದೆ. ಅದು ಏಳಲಿಲ್ಲ.

"ಬಿಚ್ಚೋಣ, ಮೊದಲು ಅಳೀಬೇಕು," ಎಂದ ಕೊನೆಗೆ. ದನಿ ಬೇರೆಯಾಗಿತ್ತು. "ನಾಲ್ಕು ನಾಲ್ಕು. ಬಿಚ್ಚೋವಾಗಲೂ ಅಷ್ಟೇ ಅಪಾಯ, ಗೊತ್ತಲ್ಲ?"

ನಾಲ್ಕು ಅವನು ಬಿಚ್ಚಿದ. ನಾಲ್ಕು ನಾನು. ಮತ್ತೆ ಅವನು. ಒಂದು, ಎರಡು, ಮೂರು, ನಾಲ್ಕು. ಐದು.

ಆರು.

ಅವನು ಎಣಿಕೆ ತಪ್ಪುವವನಲ್ಲ. "ಇವ್ರೇ..." ಎಂದೆ. ಅಷ್ಟೇ ಹೇಳಲು ಆದದ್ದು.

ಹುಕ್ಕು ಸ್ಪ್ರಿಂಗಿನ ಒಂದು ಸುತ್ತು ದಾಟಿ ಜಾರಿತು. ಬಂದೂಕು ಹಾರಿಸಿದಂತೆ ಸದ್ದು. ಸ್ಪ್ಯಾನರು ಅವನ ಕೈಯಿಂದ ಹಾರಿ ಹಿಂದಿನ ತಗಡಿಗೆ ಬಡಿಯಿತು. ಅದು ನನ್ನ ಕಿವಿಯ ಪಕ್ಕದಲ್ಲೇ ಹೋಯಿತೆಂದು ಗಾಳಿ ತಾಗಿದ ಮೇಲೆ ತಿಳಿಯಿತು. ಅವನು ನನ್ನ ಭುಜ ಹಿಡಿದು ಹೊರಕ್ಕೆ ಎಳೆದ. ಇಬ್ಬರೂ ನೆಲದ ಮೇಲೆ ಬಿದ್ದೆವು.

"ತಾಗಿತಾ? ಎಲ್ಲಿ? ಹೇಳು! ಮಾತಾಡು!"

ಅವನು ನನ್ನನ್ನು ನೀನು ಎಂದದ್ದು ಅದೇ ಮೊದಲು. ನನಗೆ ಏನೂ ಆಗಿರಲಿಲ್ಲ. ಅವನ ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು. ನಾನು ದಾವಣಿಯ ಸೆರಗನ್ನು ಅದಕ್ಕೆ ಒತ್ತಿ ಹಿಡಿದೆ. ಅವನು ನನ್ನ ಮುಖವನ್ನು ನೋಡುತ್ತಲೇ ಇದ್ದ. ನಾನು ನೋಟ ತೆಗೆಯಲಿಲ್ಲ.

ಹಾಗೆಯೇ ಇದ್ದಾಗ ಮಾವ ಬಂದರು.

*

ಮಾವ ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಾಗಿಲಲ್ಲಿ ನಿಂತ ಅವರ ಮುಖ ಸುಣ್ಣದಂತಿತ್ತು. ಆ ಸದ್ದು ಅವರಿಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ ಕೇಳಿದ್ದರು.

"ಬೆರಳು?" ಎಂದರು. ಅಷ್ಟೇ.

ಅವನು ಕೈ ಎತ್ತಿ ಐದನ್ನೂ ಅಗಲಿಸಿ ತೋರಿಸಿದ.

ಮಾವ ಬೇರೇನೂ ಕೇಳದೆ ಕಾರಿನ ಹತ್ತಿರ ಕೂತರು. ಎಂಟು ಬೆರಳಿನಿಂದ ಆ ಬಾಗಿದ ಸ್ಪ್ರಿಂಗನ್ನು ಕಾಲು ಕಾಲು ಸುತ್ತಾಗಿ, ಹಾವು ಬುಟ್ಟಿಗೆ ಹಾಕುವವರಂತೆ ಬಿಚ್ಚಿದರು. ಅತ್ತೆ ಗಾಯಕ್ಕೆ ಪಟ್ಟಿ ಕಟ್ಟುತ್ತಾ, "ಒಂಚೂರು ಆಚೀಚೆ ಆಗಿದ್ರೆ ಏನೋ ಗತಿ, ರಸಮಟ್ಟ ಅಂತೆ ರಸಮಟ್ಟ" ಎಂದು ಬೈಯುತ್ತಾ, ಬೈಯುತ್ತಲೇ ಕಣ್ಣೊರೆಸಿಕೊಂಡರು.

ಸ್ಪ್ರಿಂಗು ಹೊರಬಂತು. ಮಾವ ಅದನ್ನು ನೆಲದ ಮೇಲಿಟ್ಟು, ಒಂದು ಹಳೇ ಟೈರಿನ ಮೇಲೆ ಕೂತರು.

"ಈಗ ಹೇಳಿ. ಯಾರದು?"

"ನನ್ನದು ಸರ್," ಎಂದ ಅವನು. "ಎಣಿಕೆ ತಪ್ಪಿದೆ. ಸ್ಪ್ರಿಂಗೂ ಅದಲುಬದಲು ಮಾಡಿದ್ದು ನಾನೇ. ಅಳೀಲಿಲ್ಲ."

ಅವನು ನಿಲ್ಲಿಸಿದ. ಅಲ್ಲಿಗೇ ಮುಗಿಸಿದ. ನನ್ನ ಹೆಸರೇ ಬರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ನನ್ನ ಜೀವಮಾನದಲ್ಲಿ ಸುಮ್ಮನಿರುವುದಕ್ಕಿಂತ ಸುಲಭವಾದ ಕೆಲಸ ನನಗೆ ಯಾವುದೂ ಇರಲಿಲ್ಲ.

"ಗುರುತು ಒರೆಸಿದ್ದು ನಾನು ಮಾವ," ಎಂದೆ. "ಸುಳ್ಳು ಗುರುತು ಹಾಕಿದ್ದೂ ನಾನೇ. ನಿನ್ನೆ ಹೇಳಬೇಕಿತ್ತು. ಬೆಳಿಗ್ಗೆ ನೀವು ಕೇಳಿದಾಗಲೂ ಹೇಳ್ಲಿಲ್ಲ."

ಅತ್ತೆ ಕೈಯಲ್ಲಿದ್ದ ಹತ್ತಿ ಹಾಗೇ ನಿಂತಿತು. ಮಾವ ನನ್ನ ಮುಖ ನೋಡಿದರು. ಅವರು ಅಪ್ಪನನ್ನು ಹುಡುಕುತ್ತಿದ್ದಾರೆ ಎಂದು ನನಗೆ ಅನಿಸಿತು. ಸಿಕ್ಕನೋ ಇಲ್ಲವೋ ತಿಳಿಯಲಿಲ್ಲ. ಅವರ ನೋಟ ನನ್ನನ್ನು ಬಿಟ್ಟು ಅವನ ಕಡೆ ಹೋಯಿತು.

"ನೀನು ನನ್ನ ಮಾತನ್ನೇ ಅಳೆದು ನೋಡೋನು. ಇದನ್ನ್ಯಾಕೆ ಅಳೀಲಿಲ್ಲ?"

ಅವನು ನೆಲ ನೋಡಿದ. "ಗುರುತು ಇವಳು ಹಾಕಿದ್ದು ಸರ್."

"ಅದಕ್ಕೆ?"

"ಅದಕ್ಕೇ ಅಳೀಲಿಲ್ಲ."

ಹೊರಗೆ ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆದರು. ಅವನ ಕಿವಿ ಕೆಂಪಾಗಿತ್ತು. ನನಗೆ ಅಳು ಬಂತು. ಇಷ್ಟು ಚಂದದ ಮಾತನ್ನು ಯಾರಾದರೂ ನನ್ನ ಬಗ್ಗೆ ಹೇಳಬಹುದೆಂದು ನಾನು ಎಣಿಸಿರಲಿಲ್ಲ. ಹೇಳಿದ ಹೊತ್ತಿಗೆ ಅದು ಸುಳ್ಳಾಗಿತ್ತು.

ಮಾವ ಟೈರಿನಿಂದ ಎದ್ದು, "ವರ್ನಿಯರ್ ಕೊಡು" ಎಂದರು.

ಉಳಿದ ಕೆಲಸವನ್ನು ಮಾವ ಅವನ ಜೊತೆ ತಾವೇ ಮಾಡಿದರು. ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ದಪ್ಪ ತಂತಿಯದು ಡ್ರೈವರ್ ಕಡೆ ಹೋಯಿತು. ಕಾರು ನೆಲಕ್ಕಿಳಿಯಿತು, ಮೂರು ಸಲ ಕುಣಿಯಿತು, ನಿಂತಿತು. ಅವನು ಪಟ್ಟಿ ಕಟ್ಟಿದ ಕೈಯಲ್ಲೇ ಟೇಪ್ ಎಳೆದ. ಎರಡೂ ಕಡೆಯ ನಡುವೆ ಎರಡೇ ಮಿಲ್ಲಿಮೀಟರಿನ ವ್ಯತ್ಯಾಸ. ಆಮೇಲೆ ಕಾರಿನ ಕೆಳಗೆ ಮಲಗಿ ಬುಶ್ಶಿನ ಬೋಲ್ಟುಗಳನ್ನು ಬಿಗಿ ಮಾಡಿದ. ಎಷ್ಟೋ ವರ್ಷದ ಮೇಲೆ ಆ ಕಾರು ಎರಡೂ ಭುಜ ಸಮ ಮಾಡಿ ನಿಂತಿತ್ತು. ನೋಡಲು ಯಾರಿಗೂ ಮನಸ್ಸಿರಲಿಲ್ಲ.

ಮಾವ ನಲ್ಲಿಯ ಹತ್ತಿರ ಕೈತೊಳೆಯಲು ನಿಂತರು.

"ನಾನು ಬೈತಾ ಇಲ್ಲ," ಎಂದರು, ನಮ್ಮ ಕಡೆ ತಿರುಗದೆ. "ಬೈಯೋಕೆ ಏನೂ ಇಲ್ಲ. ನಾನೂ ಒಂದು ಕಾಲದಲ್ಲಿ ನಿಮ್ಮ ವಯಸ್ಸಿನೋನೇ. ಆದ್ರೆ ಸ್ಪ್ರಿಂಗ್ ಹತ್ರ ಕೂರೋರು ಸ್ಪ್ರಿಂಗ್ ನೋಡ್ಬೇಕು. ಒಬ್ಬರನ್ನೊಬ್ಬರು ನೋಡೋರು ಅಲ್ಲಿರಬಾರದು. ಇವತ್ತು ಚರ್ಮ ಹೋಯ್ತು. ನಾಳೆ ಕಣ್ಣು ಹೋಗುತ್ತೆ. ಆ ಸದ್ದು ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ."

"ಹೌದು ಸರ್."

"ಇವಳು ನನ್ನ ತಂಗಿ ಮಗಳು. ಇವಳನ್ನ ಎಲ್ಲಿಗೆ ಕಳಿಸ್ಲಿ?"

"ನಾನೇ ಹೋಗ್ತೀನಿ ಸರ್," ಎಂದ ಅವನು. ಮಾವ ಹೇಳುವ ತನಕ ಕಾಯಲಿಲ್ಲ. "ಸ್ಪ್ರಿಂಗ್ ಸುತ್ತೋ ವರ್ಕ್‌ಶಾಪಿನವರು ಹೋದ ತಿಂಗಳೇ ಕರೆದಿದ್ರು. ಮಧ್ಯಾಹ್ನ ಬಸ್ಸಿದೆ."

"ಅಯ್ಯೋ, ಒಂದು ಲೋಟ ಚಹಾ ಆದ್ರೂ ಕುಡಿದು ಹೋಗ್ಲಿ ಬಿಡ್ರೀ," ಎಂದರು ಅತ್ತೆ. ಯಾರೂ ಆಡದೆ ಉಳಿದ ಜಗಳವನ್ನು ತಡೆಯುವವರಂತೆ.

ಅವನು ತನ್ನ ಚೀಲ ತೆಗೆದ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಇಡತೊಡಗಿದ. ಇಟ್ಟುಕೊಂಡಿದ್ದೇನೆ ಎಂದಿದ್ದ ಆ ಇನ್ನೊಂದು ಮಾತನ್ನು ಅವನು ಹೇಳಲಿಲ್ಲ. ಹೇಳುವುದಿಲ್ಲ ಎಂದು ನನಗೆ ತಿಳಿಯಿತು. ಮಾವನ ಮಾತಿಗೆ ಮರ್ಯಾದೆ ಕೊಟ್ಟು, ಹುಬ್ಬು ಕೂಡ ಎತ್ತದೆ ಬಸ್ಸು ಹತ್ತುತ್ತಾನೆ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ. ಆಮೇಲೆ ಬುಶ್ ತೊಳೆಯುತ್ತೇನೆ. ಆಮೇಲೆ ಇನ್ನೆಷ್ಟೋ ವರ್ಷ.

ನಿನ್ನೆಯಿಂದ ಇವತ್ತಿನವರೆಗೆ ನಾನು ಹೆದರಿದ್ದೆಲ್ಲ ಆ ಕ್ಷಣದ ಮುಂದೆ ಏನೂ ಅಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನನ್ನನ್ನೂ ಕರ್ಕೊಂಡು ಹೋಗಿ," ಎಂದೆ.

ನಲ್ಲಿಯ ನೀರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲವೇನೋ. ಮಾವ ನಲ್ಲಿ ನಿಲ್ಲಿಸಿದರು. ಅತ್ತೆ ಲೋಟ ಹಿಡಿದು ಗಾಜಿನ ಕೋಣೆಯ ಬಾಗಿಲಿಗೆ ಬಂದರು. ಚೀಲದ ಮೇಲಿದ್ದ ಅವನ ಕೈ ಅಲ್ಲಾಡಲಿಲ್ಲ. ನಾನು ಇನ್ನೊಂದು ಸಲ, ಮೂವರಿಗೂ ಕೇಳುವಂತೆ ಹೇಳಿದೆ.

"ಮದುವೆ ಮಾಡ್ಕೊಂಡು, ನನ್ನನ್ನೂ ಕರ್ಕೊಂಡು ಹೋಗಿ."